ಚಕ್ಕಡಿಯ ಚಳಿ

ನಮ್ಮ ಸೀಮೆಯ ಚಳಿ ಹೆಸರು ಮಾಡಿದ ಚಳಿಯೇನಲ್ಲ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂದರೆ ಜನರಿಗೆ ನೆನಪಾಗುವುದು ಬಿಸಿಲು ಮತ್ತು ಮೆಣಸಿನಕಾಯಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿನ ಉಷ್ಣತೆ ಸಾಮಾನ್ಯವಾಗಿ 14–15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕೆಲವು ವರ್ಷ ಅದಕ್ಕೂ ನಾಲ್ಕೈದು ಡಿಗ್ರಿ ಕೆಳಗೆ. ಕಾಶ್ಮೀರದವರು ಕೇಳಿದರೆ ನಕ್ಕುಬಿಟ್ಟಾರು. ಆದರೆ ಕದ ಹಾಕಿದ ಮನೆಯೊಳಗೆ ಕೌದಿ ಹೊದ್ದು ಮಲಗಿದವನ ಚಳಿ ಬೇರೆ, ಸರಿರಾತ್ರಿಯಲ್ಲಿ ಎರೆಹೊಲಗಳ ನಡುವೆ ತೆರೆದ ಗಾಡಿಯ ಮೇಲೆ ಅಲುಗಾಡದೆ ಕೂತವನ ಚಳಿ ಬೇರೆ. ಈ ಎರಡನೆಯ ಚಳಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಜಾಗವಿಲ್ಲ. 1854ರಲ್ಲಿ ಡಾಲ್‌ಹೌಸಿ ಲೋಕೋಪಯೋಗಿ ಇಲಾಖೆಯನ್ನು ಕಟ್ಟಿದ, ರಸ್ತೆಗಳಾದವು, ರೈಲು ಬಂತು ಎಂದು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದೇನೆ. ಆ ರಸ್ತೆಯ ಮೇಲೆ, ಅದಕ್ಕಿಂತ ಹೆಚ್ಚಾಗಿ ರಸ್ತೆಯೇ ಇಲ್ಲದ ಕಡೆ, ರಾತ್ರಿಯೆಲ್ಲ ಗಾಡಿ ಹೊಡೆದವರು ಮೈ ಬೆಚ್ಚಗಿಟ್ಟುಕೊಂಡದ್ದು ಹೇಗೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಮೊದಲು ಒಂದು ಮಾತು ತಿಳಿಯಬೇಕು. ನಮ್ಮಲ್ಲಿ ಗಾಡಿಯ ಪಯಣಕ್ಕೂ ಚಳಿಗಾಲಕ್ಕೂ ಗಂಟು ಬಿದ್ದದ್ದು ಆಕಸ್ಮಿಕವಲ್ಲ. ಎರೆಭೂಮಿಯ ಗುಣವೇ ಅದಕ್ಕೆ ಕಾರಣ. ಮಳೆ ಬಿದ್ದರೆ ಎರೆಮಣ್ಣು ಅಂಟಾಗುತ್ತದೆ, ಗಾಲಿಗೆ ಮೆತ್ತಿಕೊಂಡು ಅಚ್ಚಿನವರೆಗೂ ಏರುತ್ತದೆ. ಎತ್ತು ಎಷ್ಟೇ ಬಲವಾಗಿದ್ದರೂ ಗಾಡಿ ಹೂತು ನಿಲ್ಲುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಊರಿಂದ ಊರಿಗೆ ಗಾಡಿಯ ಮಾತೇ ಇರಲಿಲ್ಲ. ದೀಪಾವಳಿ ಕಳೆದು ನೆಲ ಬಿಗಿದ ಮೇಲೆ ಗಾಡಿದಾರಿಗಳು ಏಳುತ್ತಿದ್ದವು. ಹೊಲದ ಬದುವಿನಗುಂಟ, ಹಳ್ಳದ ಉಸುಕಿನಲ್ಲಿ, ಕಳೆದ ವರ್ಷದ ಗಾಲಿಯ ಜಾಡು ಹಿಡಿದು ಹೊಸ ಜಾಡು ಬೀಳುತ್ತಿತ್ತು. ಮೆಣಸಿನಕಾಯಿ ಕೆಂಪಾಗುವುದು, ಹತ್ತಿ ಒಡೆಯುವುದು, ಜೋಳದ ರಾಶಿ, ಮದುವೆಯ ಮಾತುಕತೆ, ಜಾತ್ರೆ ಎಲ್ಲವೂ ಅದರ ಮುಂದಿನ ನಾಲ್ಕು ತಿಂಗಳಲ್ಲೇ. ಹಗಲು ಬಿಸಿಲಿಗೆ ಎತ್ತು ದಣಿಯುತ್ತವೆಂದು ದೂರದ ದಾರಿಯನ್ನು ರಾತ್ರಿಯೇ ಸಾಗುವ ವಾಡಿಕೆ. ಹೀಗೆ ನೆಲ ಗಟ್ಟಿಯಾಗುವ ಕಾಲವೇ ಚಳಿಯ ಕಾಲವಾಗಿ, ಎತ್ತಿಗೆ ತಂಪಾದ ಹೊತ್ತೇ ಮನುಷ್ಯನಿಗೆ ನಡುಕದ ಹೊತ್ತಾಗಿ ಹೊಂದಿಕೊಂಡವು.

ಈ ಪಯಣಗಳಲ್ಲಿ ದೊಡ್ಡದು ಕುಮಟೆಯದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಅಮೆರಿಕದ ತಳಿಯ ಹತ್ತಿಯನ್ನು ಅದಕ್ಕೆ ಮುಂಚೆಯೇ ಬೆಳೆಸಲು ಕಲಿತಿದ್ದ ಧಾರವಾಡ ಸೀಮೆಗೆ ಒಮ್ಮೆಲೇ ಬೆಲೆ ಬಂತು. ಬಯಲಸೀಮೆಯ ಹತ್ತಿ ಶಿರಸಿಯ ಮೇಲೆ ಹಾಯ್ದು, ದೇವಿಮನೆ ಘಟ್ಟ ಇಳಿದು, ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಹೋಗುವಾಗ ಹತ್ತಿ, ಬರುವಾಗ ಉಪ್ಪು, ತೆಂಗಿನಕಾಯಿ. ಬಯಲಿನ ಒಣ ಚಳಿಗೆ ಒಗ್ಗಿದ ಮೈಗೆ ಶಿರಸಿಯ ಕಾಡಿನ ಇಬ್ಬನಿಯ ಚಳಿ ಹೊಸದು. ಬಯಲಲ್ಲಿ ಗಾಳಿ ಕೊರೆಯುತ್ತದೆ, ಕಾಡಿನಲ್ಲಿ ಹನಿ ತೊಟ್ಟಿಕ್ಕುತ್ತದೆ. ತೊಯ್ದ ಹತ್ತಿಬಟ್ಟೆ ಮೈಗೆ ಅಂಟಿ ಇದ್ದ ಬಿಸಿಯನ್ನೂ ಹೀರುತ್ತದೆ. ಗಾಡಿಯಲ್ಲಿ ರಾಶಿ ಹತ್ತಿಯಿದ್ದರೂ ಹೊಡೆಯುವವನಿಗೆ ಅದರಿಂದ ಪ್ರಯೋಜನವಿಲ್ಲ. ಅದು ಮಾಲು, ಅಂಡಿಗೆ ಕಟ್ಟಿದ್ದು, ಮುಟ್ಟುವಂತಿಲ್ಲ. ಅವನ ಹೆಗಲ ಮೇಲಿದ್ದದ್ದು ಕುರಿಯ ಉಣ್ಣೆಯ ಕರಿ ಕಂಬಳಿ ಒಂದೇ. 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರದ ರೈಲುದಾರಿ ನಮ್ಮೂರ ಮೇಲೆ ಹಾಯ್ದುಹೋದ ಮೇಲೆ ಕುಮಟೆಯ ವೈಭವ ಇಳಿಯಿತು. ಗಾಡಿಯ ದಾರಿ ಮೋಟಾಯಿತು, ಆದರೆ ಮುಗಿಯಲಿಲ್ಲ. ರೈಲು ಹೊಲದ ಬಾಗಿಲಿಗೆ ಬರುವುದಿಲ್ಲವಲ್ಲ!

ನಾನು ಕೇಳಿ ಬಲ್ಲ ಪಯಣ ಬ್ಯಾಡಗಿಯದು. ಬ್ಯಾಡಗಿಯಲ್ಲಿ ನಿಯಂತ್ರಿತ ಮಾರುಕಟ್ಟೆಯಾದದ್ದು 1948ರಲ್ಲಿ. ಸೋಮವಾರ, ಗುರುವಾರ ಮೆಣಸಿನಕಾಯಿಯ ಟೆಂಡರು. ರಾಣೆಬೆನ್ನೂರಿನಿಂದ ಅಲ್ಲಿಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು; ಒಳಗಿನ ಹಳ್ಳಿಗಳಿಂದಾದರೆ ಇನ್ನೂ ದೂರ. ಹೇರು ತುಂಬಿದ ಎತ್ತು ತಾಸಿಗೆ ಮೂರು ನಾಲ್ಕು ಕಿಲೋಮೀಟರ್ ನಡೆದರೆ ಹೆಚ್ಚು. ಭಾನುವಾರ ರಾತ್ರಿ ಉಂಡು ಗಾಡಿ ಕಟ್ಟಿದರೆ ಬೆಳಗಿನ ಮುಂಜಾವಿಗೆ ಬ್ಯಾಡಗಿ. ಎಂಟು ಹತ್ತು ಗಾಡಿ ಸಾಲಾಗಿ ಹೊರಡುತ್ತಿದ್ದವು. ಮುಂದಿನ ಗಾಡಿಯವ ಎಚ್ಚರವಿದ್ದರೆ ಸಾಕು, ಹಿಂದಿನ ಎತ್ತುಗಳು ತಾವಾಗಿ ನಡೆಯುತ್ತವೆ. ಅಚ್ಚಿನ ಕೆಳಗೆ ತೂಗುವ ಲಾಟೀನು, ಕೊರಳ ಗಂಟೆಯ ಸದ್ದು, ಮೆಣಸಿನಕಾಯಿಯ ಘಾಟು. ಇದನ್ನು ಬರೆಯುವಾಗ ಸೊಗಸಾಗಿ ಕಾಣುತ್ತದೆ. ನಮ್ಮಜ್ಜ ಹೇಳುತ್ತಿದ್ದಾಗ ಅವನ ಮಾತಿನಲ್ಲಿ ಸೊಗಸೇನೂ ಇರಲಿಲ್ಲ. "ನಸುಕಿನ ಮೂರರಿಂದ ಐದು. ಆ ಎರಡು ತಾಸು ಯಾವ ವೈರಿಗೂ ಬ್ಯಾಡ" ಅನ್ನುತ್ತಿದ್ದ.

ಆ ಎರಡು ತಾಸನ್ನು ಕಳೆಯಲು ಅವರಿಗೆ ಹಲವು ಉಪಾಯಗಳಿದ್ದವು. ಅವನ್ನು ಅಜ್ಜ ಒಂದೊಂದಾಗಿ ಹೇಳಿದವನಲ್ಲ. ಅವನು ಗಾಡಿ ಕಟ್ಟುವುದನ್ನು ನೋಡಿ ನಾವು ತಿಳಿದದ್ದು. ಗಾಡಿಯ ಹಲಗೆಯ ಮೇಲೆ ಮೊದಲು ಜೋಳದ ಕಣಿಕೆಯನ್ನು ದಪ್ಪನಾಗಿ ಹಾಸುತ್ತಿದ್ದ. ದಾರಿಯಲ್ಲಿ ಎತ್ತಿಗೆ ಅದೇ ಮೇವು, ಅಲ್ಲಿಯವರೆಗೆ ಕೂತವನಿಗೆ ಮೆತ್ತೆ. ಕಣಿಕೆಯ ದಂಟುಗಳ ಸಂದಿಯಲ್ಲಿ ಗಾಳಿ ನಿಂತಿರುತ್ತದೆ, ಹಾಗಾಗಿ ಕೆಳಗಿನ ತಂಪು ಮೇಲೆ ಏರುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕೆಂಪಿಂಡಿ, ಗುರೆಳ್ಳು ಪುಡಿ ಬುತ್ತಿಯಲ್ಲಿ. ಸಂಕ್ರಾಂತಿಗೆ ನಾವು ಸಜ್ಜೆರೊಟ್ಟಿಯನ್ನೇ ಯಾಕೆ ತಟ್ಟುತ್ತೇವೆ ಎಂದು ಕೇಳುವ ಮಕ್ಕಳಿಗೆ ನಾನು ಈ ಗಾಡಿಯ ಕತೆ ಹೇಳುತ್ತೇನೆ. ಎಣ್ಣೆಕಾಳು ತಿಂದವನ ಮೈ ಒಳಗಿನಿಂದ ಉರಿಯುತ್ತದೆ. ಚಳಿ ಮಿತಿ ಮೀರಿದರೆ ಗಾಡಿಯಿಂದ ಇಳಿದು ಎತ್ತಿನ ಪಕ್ಕದಲ್ಲಿ ಮೈಲಿಗಟ್ಟಲೆ ನಡೆಯುವುದು. ಎಲ್ಲಕ್ಕಿಂತ ಒಳ್ಳೆಯ ಉಪಾಯ ಇದೇ. ಕೂತ ಮೈಗಿಂತ ನಡೆಯುವ ಮೈ ಎರಡು ಮೂರು ಪಟ್ಟು ಶಾಖ ಹುಟ್ಟಿಸುತ್ತದೆ, ಎತ್ತಿಗೂ ಭಾರ ಕಡಿಮೆ. ಎತ್ತಿನ ನಡಿಗೆ ಮನುಷ್ಯನ ನಡಿಗೆಗಿಂತ ಹೆಚ್ಚಿಲ್ಲವಾದ್ದರಿಂದ ಇದು ಸಾಧ್ಯವಾಗುತ್ತಿತ್ತು. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಉಳಿದದ್ದು ಕಂಬಳಿ. ನಮ್ಮ ತಾಲ್ಲೂಕಿನಲ್ಲಿ ಕಂಬಳಿ ಎಂದರೆ ಮೆಡ್ಲೇರಿ. ನಮ್ಮ ಕಡೆಯ ಕುರಿ ದಖ್ಖನಿ ತಳಿಯದು, ಒರಟು ಉಣ್ಣೆಯದು. ಕುರಿಯ ಮೈಮೇಲಿನ ಕಪ್ಪು, ಬೂದು, ಬಿಳಿಯೇ ಕಂಬಳಿಯ ಬಣ್ಣ. ಬೇರೆ ಬಣ್ಣ ಹಾಕುವುದಿಲ್ಲ. ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಹಿಂಜಿ, ರಾಟಿಯಲ್ಲಿ ನೂಲು ತೆಗೆದು, ಹಾಸಿನ ಎಳೆಗೆ ಹುಣಸೆಬೀಜದ ಸರಿ ಹಚ್ಚಿ ಬಿಸಿಲಿಗೆ ಹಿಡಿದು, ಆಮೇಲೆ ಕುಣಿಮಗ್ಗದಲ್ಲಿ ನೇಯುತ್ತಾರೆ. ಸರಿ ಕುಡಿದ ಹೊಸ ಕಂಬಳಿ ತಗಡಿನಂತೆ ಸೆಟೆದು ನಿಲ್ಲುತ್ತದೆ, ಮೈಗೆ ಚುಚ್ಚುತ್ತದೆ. ವರ್ಷ ಕಳೆದಂತೆ ಮೆತ್ತಗಾಗುತ್ತದೆ. ಉಣ್ಣೆಯ ಎಳೆ ಗುಂಗುರು. ಗುಂಗುರಿನ ಸಂದಿಯಲ್ಲಿ ಗಾಳಿ ಸಿಕ್ಕಿ ನಿಲ್ಲುತ್ತದೆ, ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುವುದು ಆ ನಿಂತ ಗಾಳಿಯೇ. ಇನ್ನೊಂದು ಗುಣ ಹತ್ತಿಗಿಲ್ಲದ್ದು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆಳೆದುಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ. ಹಾಗೆ ಎಳೆದುಕೊಳ್ಳುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಘಟ್ಟದ ಇಬ್ಬನಿಯಲ್ಲಿ ಗಾಡಿಯವನನ್ನು ಉಳಿಸಿದ್ದು ಈ ಗುಣ.

ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ನೆತ್ತಿ, ಕಿವಿ, ಬೆನ್ನು, ಮೊಣಕಾಲು ಎಲ್ಲ ಒಂದೇ ಗುಡಿಸಲಿನೊಳಗೆ. ಕೈ ಮಾತ್ರ ಹೊರಗೆ, ಹಗ್ಗ ಹಿಡಿಯಲು. ಅದೂ ಬೇಡವಾದಾಗ ಹಗ್ಗವನ್ನು ಮೊಣಕಾಲಿಗೆ ಸುತ್ತಿ ಕೈಯನ್ನು ಒಳಗೆಳೆದುಕೊಳ್ಳುತ್ತಿದ್ದರು. ಗಾಡಿ ನಿಂತಲ್ಲಿ ಅದೇ ಕಂಬಳಿ ಹಾಸಿಗೆ, ಸಂತೆಯಲ್ಲಿ ಅದೇ ಧಾನ್ಯದ ಚೀಲ, ಮಳೆಯಲ್ಲಿ ಅದೇ ಛತ್ರಿ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರ ಚಿತ್ರ ಬರೆಯುವವರು ಕಂಬಳಿ ಬಿಡುವುದಿಲ್ಲ. ಭಕ್ತಿಯ ಗುರುತು ಅದು ಹೌದು. ಅದಕ್ಕೂ ಮೊದಲು ಅದು ದಾರಿ ನಡೆಯುವವನ ಗುರುತು.

ಈ ಕಂಬಳಿಯ ಮಾತು ಬಂದಾಗಲೆಲ್ಲ ನನಗೆ ಒಂದು ಲೆಕ್ಕ ಹೊಂದುವುದಿಲ್ಲ. ಒಂದು ಕಂಬಳಿಗೆ ಬೇಕಾದ ಕೆಲಸದಲ್ಲಿ ಮಗ್ಗಕ್ಕಿಂತ ನೂಲಿನದೇ ಹೆಚ್ಚು ದಿನಗಳದು. ನೂಲುವವರು ಹೆಂಗಸರು, ಅಡಿಗೆ, ಹೊಲ, ಕೂಸು ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ನೂತವರು. ಆದರೆ ಹೆಂಗಸೊಬ್ಬಳು ಹೆಗಲ ಮೇಲೆ ಕಂಬಳಿ ಹೊದ್ದು ಊರ ದಾರಿಯಲ್ಲಿ ನಡೆದದ್ದನ್ನು ನಾನು ಕಂಡದ್ದು ತೀರ ಕಡಿಮೆ. ಕಂಬಳಿ ಗಂಡಸಿನದು, ಹೆಂಗಸರಿಗೂ ಮಕ್ಕಳಿಗೂ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಚೆಂದದ ವಸ್ತು, ಈಗ ಅದನ್ನು ಪ್ರದರ್ಶನದಲ್ಲಿ ತೂಗುಹಾಕುತ್ತಾರೆ. ಆದರೆ ಅದು ಹತ್ತಿ. ಇಬ್ಬನಿ ಬಿದ್ದರೆ ತೂಕ ಹೆಚ್ಚಾಗುತ್ತದೆಯೇ ಹೊರತು ಬಿಸಿ ಹೆಚ್ಚಾಗುವುದಿಲ್ಲ.

ಇದು ನನಗೆ ತಿಳಿದದ್ದು ಮೈಲಾರದ ದಾರಿಯಲ್ಲಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಜಾತ್ರೆ. ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ಕೇಳಲು ಹೊಳೆಯ ಈಚೆಯಿಂದ ಗಾಡಿಗಳ ಸಾಲೇ ಹೋಗುತ್ತಿತ್ತು. ನಾನು ಒಂಬತ್ತೋ ಹತ್ತೋ ವರ್ಷದವಳು. ನಮ್ಮದು ಕೊಲ್ಲಾರಿ ಕಟ್ಟಿದ ಗಾಡಿ, ಒಳಗೆ ಅಜ್ಜಿ, ಅವ್ವ, ಇಬ್ಬರು ಚಿಗವ್ವಂದಿರು, ನಾವು ಐದು ಹುಡುಗರು. ತುಂಗಭದ್ರೆಯ ಉಸುಕಿಗೆ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಹೊಳೆಯ ಮೇಲಿನ ಗಾಳಿ ಚಾಪೆಯ ಕೊಲ್ಲಾರಿಯೊಳಗೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುತ್ತಿತ್ತು. ಕೌದಿಗಳೆಲ್ಲ ತಂಪಾಗಿದ್ದವು. ಅಜ್ಜಿ ಮುಂದೆ ಬಗ್ಗಿ ಅಜ್ಜನ ಹೆಗಲಿಂದ ಕಂಬಳಿಯನ್ನು ಎಳೆದುಕೊಂಡು, "ನೀವು ಇಳದು ನಡೀರಿ, ಬೆಚ್ಚಗಾಕ್ಕೈತಿ" ಅಂದಳು. ಅಜ್ಜ ಮರುಮಾತಿಲ್ಲದೆ ಇಳಿದು ನೀರಿನಲ್ಲಿ ಎತ್ತಿನ ಜೊತೆ ನಡೆದ. ಕಂಬಳಿಯೊಳಗೆ ಬೀಡಿಯ ವಾಸನೆ, ಕುರಿಯ ವಾಸನೆ, ನಾವು ಐದೂ ಹುಡುಗರು. ಆ ನೂಲು ಅಜ್ಜಿಯದೇ ಇರಬಹುದೆಂದು ಆಗ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಅವಳೂ ರಾಟಿ ತಿರುವಿದವಳೇ.

ಎತ್ತಿನ ಕಾಲ ಒಮ್ಮೆಲೇ ಮುಗಿಯಲಿಲ್ಲ. 1947ರಿಂದ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪನ್ನು ಜೋಡಿಸತೊಡಗಿದ ಮೇಲೆ ಅಧಿಕಾರಿಗಳು, ಸ್ಥಿತಿವಂತರು ಜೀಪಿನಲ್ಲಿ ಗಾಡಿದಾರಿ ಹಿಡಿದು ಬರತೊಡಗಿದರು. ಆಮೇಲೆ ಟ್ರ್ಯಾಕ್ಟರು. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು, ಅದರ ಯೆಜ್ದಿ, ಜೊತೆಗೆ ರಾಜದೂತ ಬೈಕುಗಳು ಹೊಲದ ಬದುವಿನ ಮೇಲೂ ಓಡಿದವು. ಹಾಲಿನ ಕ್ಯಾನು, ಮೇವಿನ ಸಿವುಡು, ಗೊಬ್ಬರದ ಚೀಲ ಎಲ್ಲ ಅದರ ಮೇಲೆ. ದಾರಿ ಅದೇ, ಚಳಿ ಅದೇ, ವೇಗ ಮಾತ್ರ ಹತ್ತು ಪಟ್ಟು.

ಕಂಬಳಿ ಸೋತದ್ದು ಇಲ್ಲಿ. ಹುಡುಗರಿಗೆ ಷೋಕಿ ಹೆಚ್ಚಾಯಿತು, ಕಂಬಳಿ ಹೊದೆಯಲು ನಾಚಿಕೆ ಎಂದು ಹಿರಿಯರು ದೂರುತ್ತಾರೆ. ನಾಚಿಕೆಯೂ ಇರಬಹುದು. ಆದರೆ ನಿಜವಾಗಿ ಕಂಬಳಿಯನ್ನು ಕೆಳಗಿಳಿಸಿದ್ದು ಗಾಳಿ. ಸಡಿಲವಾಗಿ ಹೊದ್ದ ಬಟ್ಟೆಯೊಳಗೆ ಗಾಳಿ ನಿಂತಿದ್ದರೆ ಬಿಸಿ; ತಾಸಿಗೆ ನಾಲ್ವತ್ತು ಕಿಲೋಮೀಟರಿನಲ್ಲಿ ಹೋದರೆ ಆ ಗಾಳಿ ನಿಲ್ಲುವುದೆಲ್ಲಿ? ಕಂಬಳಿ ಪಟಪಟನೆ ಹಾರುತ್ತದೆ, ಅಂಚು ಹಿಂದಿನ ಗಾಲಿಗೆ ಸಿಕ್ಕಿದರೆ ಜೀವಕ್ಕೇ ಅಪಾಯ. 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕದಲ್ಲಿ ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು ಪ್ಲಾಸ್ಟಿಕ್ ಕೊಳವೆಯೊಂದರಲ್ಲಿ ನೀರು ತುಂಬಿ ಹೊರಗೆ ತೂಗುಹಾಕಿ, ಗಾಳಿಯ ವೇಗ ಹೆಚ್ಚಿದಂತೆ ಅದು ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ಅಳೆದರು. ಗಾಳಿ ಸೇರಿದ ಚಳಿಯ ಲೆಕ್ಕ ಅಲ್ಲಿಂದ ಬೆಳೆಯಿತು. 2001ರಲ್ಲಿ ತಿದ್ದಿದ ಸೂತ್ರದ ಪ್ರಕಾರ 10 ಡಿಗ್ರಿಯ ರಾತ್ರಿಯಲ್ಲಿ ತಾಸಿಗೆ 40 ಕಿಲೋಮೀಟರಿನ ಗಾಳಿಗೆ ಮುಖ ಕೊಟ್ಟವನಿಗೆ ಅದು 6 ಡಿಗ್ರಿಯಂತೆ ತಟ್ಟುತ್ತದೆ. ನಮ್ಮ ಹುಡುಗರಿಗೆ ಈ ಸೂತ್ರ ಗೊತ್ತಿರಲಿಲ್ಲ, ಮದ್ದು ಮಾತ್ರ ಗೊತ್ತಿತ್ತು. ಅಂಗಿಯೊಳಗೆ ಎದೆಗೆ ಹಳೆಯ ದಿನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತುರುಕುವುದು. ಕಾಗದ ಉಣ್ಣೆಯಂತೆ ಬಿಸಿ ಹಿಡಿಯದು, ಆದರೆ ಗಾಳಿಯನ್ನು ಒಳಗೆ ಬಿಡದು. ಫ್ರಾನ್ಸಿನ ಸೈಕಲ್ ಪಂದ್ಯದಲ್ಲಿ ಬೆಟ್ಟ ಇಳಿಯುವ ಸವಾರರೂ ಇದನ್ನೇ ಮಾಡುತ್ತಿದ್ದರಂತೆ! ಅಜ್ಜನಂತೆ ಇಳಿದು ಪಕ್ಕದಲ್ಲಿ ನಡೆಯುವ ಉಪಾಯ ಮಾತ್ರ ಬೈಕಿನವನಿಗಿಲ್ಲ. ವಾಹನ ಮನುಷ್ಯನ ನಡಿಗೆಯನ್ನು ಮೀರಿದಾಗ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವ ದಾರಿ ಮುಚ್ಚಿತು, ಬಿಸಿಯನ್ನು ಅಂಗಡಿಯಿಂದ ತರಬೇಕಾಯಿತು.

ಅಂಗಡಿಯಿಂದ ಬಂದವುಗಳ ಜಾತಕ ಸೋಜಿಗದ್ದು. ಮಂಕಿಟೋಪಿ ಎಂದು ನಾವು ಕರೆಯುವ ಮುಖ ಮುಚ್ಚುವ ಟೋಪಿಗೆ ಇಂಗ್ಲಿಷಿನಲ್ಲಿ ಬಾಲಕ್ಲಾವಾ ಎಂದು ಹೆಸರು. ಅದು ಕ್ರಿಮಿಯಾದ ಒಂದು ಊರು. 1854ರಲ್ಲಿ ಅಲ್ಲಿ ರಷ್ಯದ ಚಳಿಯಲ್ಲಿ ನಡುಗುತ್ತಿದ್ದ ಇಂಗ್ಲಿಷ್ ಸೈನಿಕರ ನೆನಪು ಆ ಹೆಸರಿನಲ್ಲಿದೆ. ಅದೇ ವರ್ಷ ಅಕ್ಟೋಬರ್ 25ರಂದು ಅಲ್ಲಿ ಕುದುರೆ ಸವಾರರನ್ನು ಸಾವಿನ ಬಾಯಿಗೆ ನುಗ್ಗಿಸಿದ ಸೇನಾಧಿಕಾರಿ ಅರ್ಲ್ ಆಫ್ ಕಾರ್ಡಿಗನ್. ನಾವು ಮಾಸ್ತರಿಣಿಯರು ಗುಂಡಿ ಹಾಕಿಕೊಂಡು ಶಾಲೆಗೆ ಹೋಗುವ ಕಾರ್ಡಿಗನ್ ಸ್ವೆಟರಿಗೆ ಅವನದೇ ಹೆಸರು. ಸವಾರರ ಚಳಿಯಿಂದ ಹೆಸರು ಪಡೆದ ಬಟ್ಟೆ ಕೊನೆಗೂ ರಾಣೆಬೆನ್ನೂರಿನ ಸವಾರರಿಗೇ ಬಂತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಿಡುವಿನ ಪಿರಿಯಡ್ಡಿನಲ್ಲಿ ನಾವೆಲ್ಲ ಸೂಜಿ ಹಿಡಿದು ಕೂರುತ್ತಿದ್ದೆವು. ಯಾರ ಗಂಡನೋ ತಮ್ಮನೋ ಬೈಕು ಕೊಂಡನೆಂದರೆ ಒಂದು ಸ್ವೆಟರು, ಒಂದು ಮಫ್ಲರು ಶುರು. ರಾಟಿ ಬಿಟ್ಟ ಕೈಗೆ ಸೂಜಿ ಬಂದಿತ್ತು, ಅಷ್ಟೆ. ನೂಲು ಮಾತ್ರ ಕುರಿಯದಲ್ಲ, ಬಹುಪಾಲು ಅಕ್ರಿಲಿಕ್. ಹುಬ್ಬಳ್ಳಿಯಂಥ ಊರುಗಳಲ್ಲಿ ಟಿಬೆಟಿಯನ್ನರು ಚಳಿಗಾಲಕ್ಕೆ ಸ್ವೆಟರಿನ ಅಂಗಡಿ ಹೂಡತೊಡಗಿದ ಮೇಲೆ ನಮ್ಮ ಸೂಜಿಗಳೂ ಮೂಲೆ ಸೇರಿದವು. 1966ರಲ್ಲಿ ನಮ್ಮ ಪಕ್ಕದ ಮುಂಡಗೋಡಿನಲ್ಲಿ ನೆಲೆ ಕಂಡ ಜನ ಅವರು. ಹಿಮದ ನಾಡು ಬಿಟ್ಟು ಬಂದವರು ಲುಧಿಯಾನದ ಸ್ವೆಟರು, ಜರ್ಕಿನ್‌ಗಳನ್ನು ಬಿಸಿಲುನಾಡಿನ ಬೈಕಿನವರಿಗೆ ಮಾರುತ್ತಾರೆ. ಗಾಳಿಗೆ ಜರ್ಕಿನ್ನೇ ಸರಿ, ಅದನ್ನು ಒಪ್ಪಬೇಕು.

ಹಾಗಾದರೆ ಕಂಬಳಿಯನ್ನು ವೇಗವೊಂದೇ ಕೊಂದಿತೇ? ಅಷ್ಟಕ್ಕೇ ಮುಗಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಕಂಬಳಿಗೆ ಕುರಿ ಬೇಕು, ಕುರಿಗೆ ಬಯಲು ಬೇಕು. ನಮ್ಮ ತಾಲ್ಲೂಕಿನ ಹುಲ್ಲುಗಾವಲುಗಳಲ್ಲಿ ನೀಲಗಿರಿ ಎದ್ದಿತು. 1974ರಲ್ಲಿ ಕೃಷ್ಣಮೃಗಗಳಿಗೆಂದು ಘೋಷಿಸಿದ ಅಭಯಾರಣ್ಯದ ಬಹುಭಾಗವೂ ನೀಲಗಿರಿಯ ತೋಪೇ. ತಾಲ್ಲೂಕಿನ ಅಂಚಿನ ಕುಮಾರಪಟ್ಟಣದಲ್ಲಿ ಹೊಳೆಯ ದಂಡೆಗೆ 1970ರ ದಶಕದಲ್ಲಿ ಬಂದ ಕಾರ್ಖಾನೆಗೆ ಆ ಮರ ಬೇಕಿತ್ತು. ಮರವನ್ನು ಅರೆದು ತಿಳ್ಳು ಮಾಡಿ, ತಿಳ್ಳಿನಿಂದ ರೇಯಾನ್ ನೂಲಿನ ಎಳೆ. ಬಟ್ಟೆಗಾಗಿಯೇ ಬಟ್ಟೆಯ ಬಯಲು ಹೋಯಿತು ಎನ್ನಬೇಕು. 1984ರಲ್ಲಿ ಸರಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಕಟ್ಟಿ, ಧಾರವಾಡ ಮತ್ತು ಸುತ್ತಲಿನ ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ನೆಡಲು ಹೊರಟವು. ದನ ಕುರಿ ಮೇಯುವ, ಉರುವಲು ಆರಿಸುವ ನೆಲವದು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. ಅದರ ಮುಂದಿದ್ದ ಎಸ್.ಆರ್. ಹಿರೇಮಠರು ಅಮೆರಿಕದಿಂದ ಮರಳಿ 1979ರಲ್ಲಿ ಗ್ರಾಮಾಭಿವೃದ್ಧಿಯ ಕೆಲಸ ಆರಂಭಿಸಿದ್ದು ಕಂಬಳಿಯ ಮೆಡ್ಲೇರಿಯಲ್ಲೇ. 1991ರಲ್ಲಿ ಆ ಜಂಟಿ ಸಂಸ್ಥೆ ಮುಚ್ಚಿತು.

ಬಯಲು ಉಳಿದ ಕಡೆಗಳಲ್ಲೂ ಕುರಿ ಬದಲಾಗಿದೆ. ಮಾಂಸಕ್ಕೆ ಬೆಲೆಯಿದೆ, ಒರಟು ಉಣ್ಣೆಗಿಲ್ಲ. ಉಣ್ಣೆ ಕಡಿಮೆಯಿರುವ, ಬೇಗ ತೂಕ ಹಿಡಿಯುವ ಕುರಿಯನ್ನು ಸಾಕಿದರೆ ಕುರಿಗಾರನಿಗೆ ಲಾಭ, ಅವನನ್ನು ತಪ್ಪೆನ್ನುವಂತಿಲ್ಲ. ಕತ್ತರಿಸಿದ ಉಣ್ಣೆ ಕತ್ತರಿಸಿದ ಕೂಲಿಗೂ ಮಾರಾಟವಾಗದೆ ಹೊಲದ ಅಂಚಿನಲ್ಲಿ ಬಿದ್ದಿರುವುದುಂಟು. ನೂಲುವ ಹೆಂಗಸರು ವಯಸ್ಸಾದವರು, ಅವರ ಸೊಸೆಯಂದಿರಿಗೆ ಬೀಜೋತ್ಪಾದನೆಯ ಹೊಲಗಳಲ್ಲಿ ದಿನಗೂಲಿ ಸಿಗುತ್ತದೆ. ರಾಟಿಯ ಮುಂದೆ ಕೂತು ಎಂದೂ ಕಾಣದ ದುಡ್ಡು ಅದು. ಸೊಸೆಯಂದಿರು ರಾಟಿಗೆ ಮರಳಲಿ ಎಂದು ಹಾರೈಸುವ ಧೈರ್ಯ ನನಗಿಲ್ಲ. ಹಾಗೆ ಹಾರೈಸುವ ಭಾಷಣಗಳಲ್ಲಿ ನೂಲಿನ ಕೂಲಿಯ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಈಗ ಚಳಿಗಾಲದ ರಾತ್ರಿ ನಮ್ಮ ಕಡೆ ದಾರಿಯಲ್ಲಿರುವವರು ಕಬ್ಬಿನ ಟ್ರ್ಯಾಕ್ಟರಿನವರು. ಎರಡೆರಡು ಟ್ರೇಲರು ಕಟ್ಟಿಕೊಂಡು ಹೊಲದ ಗಾಡಿದಾರಿಯಿಂದ ಡಾಂಬರಿಗೆ ಏರಿ, ಸಂಗೂರಿನ ಸಕ್ಕರೆ ಕಾರ್ಖಾನೆಯ ಕಡೆಗೆ ಸಾಗುತ್ತಾರೆ. ನಾಲ್ಕೂ ಕಡೆ ತೆರೆದ ಎತ್ತರದ ಸೀಟು. ಮುಂದೆ ಎಂಜಿನ್ನು ಕಾಲಿಗೆ ಒಂದಿಷ್ಟು ಕಾವು ಕೊಡುತ್ತದೆ, ಬೆನ್ನಿಗೆ ಏನೂ ಇಲ್ಲ. ಸರದಿಯಲ್ಲಿ ನಿಂತಾಗ ಕಬ್ಬಿನ ರವದಿ ಹೊತ್ತಿಸಿ ಕೈ ಕಾಸುತ್ತಾರೆ. ಮೈಮೇಲೆ ಜರ್ಕಿನ್, ಕಿವಿಗೆ ಬಿಗಿದ ಟವೆಲ್ಲು. ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಗೆ ನಿಂತಿದ್ದವನು ಗುರುತು ಹಿಡಿದು ಮಾತನಾಡಿಸಿದ. ಅವನ ಕಬ್ಬಿಣದ ಸೀಟಿನ ಮೇಲೆ ನಾಲ್ಕು ಮಡಿಕೆಯ ಕರಿ ಕಂಬಳಿಯಿತ್ತು. ಅಂಚು ಸವೆದು ಎಳೆ ಬಿಟ್ಟಿತ್ತು. "ಇದು ಅಜ್ಜಂದ್ರೀ ಟೀಚರ್. ರೆಗ್ಝಿನ್ ಸೀಟು ರಾತ್ರಿ ಮಂಜುಗಡ್ಡಿ ಆಕ್ಕೈತಿ, ಇದೊಂದು ಹಾಕಿದ್ರ ಮುಂಜಾನಿತನಕ ಕೂಡಬಹುದು" ಅಂದ. ನೂತವರು ಯಾರು ಎಂದು ಕೇಳಿದೆ. ಅದನ್ನು ಅವನು ಯಾರ ಹತ್ತಿರವೂ ಕೇಳಿರಲಿಲ್ಲ. ಮನೆಗೆ ಹೋಗಿ ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದ, ಅಷ್ಟರಲ್ಲಿ ಮುಂದಿನ ಟ್ರ್ಯಾಕ್ಟರು ಸರಿಯಿತು, ಅವನು ಸೀಟಿಗೆ ಹಾರಿ ಕೂತ.